ಐದು ಲಿಂಗಗಳ ಪ್ರಸ್ತಾಪ: ಒಂದು ವೈಜ್ಞಾನಿಕ ವಿನೋದದ ಚರಿತ್ರೆ

ವರ್ಗೀಕರಣವನ್ನು ಕುರಿತ ಹಾಸ್ಯ ಜಾನಪದ ಅಧ್ಯಯನಕ್ಕೆ ಹೊಸದಲ್ಲ. ಹೊಳೆ ದಾಟಿದ ಗಾಂಪರು ತಮ್ಮ ತಲೆಗಳನ್ನು ಎಣಿಸುವಾಗ ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸುತ್ತಾನೆ. ಹೊಳೆಪಾಲಾದನೆಂದು ಭಾವಿಸಿದವನಿಗಾಗಿ ಎಲ್ಲರೂ ಗೋಳಾಡುತ್ತಾರೆ. ಆರ್ನೆ-ಥಾಂಪ್ಸನ್ ಸೂಚಿಯಲ್ಲಿ 1287ನೆಯ ವರ್ಗಕ್ಕೆ ಸೇರುವ ಈ ಕಥೆಯಲ್ಲಿ ನಗೆಗೀಡಾಗುವುದು ಎಣಿಕೆಯ ಕ್ರಮ. ಇದೇ ಬಗೆಯ ನಗೆಯನ್ನು ವಿಜ್ಞಾನದ ಬರಹವೊಂದು ಗಂಡು-ಹೆಣ್ಣೆಂಬ ಎಣಿಕೆಯ ಮೇಲೆ ಪ್ರಯೋಗಿಸಿದ ಸಂದರ್ಭವನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಆನ್ ಫಾಸ್ಟೋ-ಸ್ಟರ್ಲಿಂಗ್ ಅವರು 1993ರಲ್ಲಿ, ನ್ಯೂಯಾರ್ಕ್ ವಿಜ್ಞಾನ ಅಕಾಡೆಮಿಯ 'ದಿ ಸೈನ್ಸಸ್' ಪತ್ರಿಕೆಯಲ್ಲಿ 'ಐದು ಲಿಂಗಗಳು' ಎಂಬ ಅರ್ಥದ ಶೀರ್ಷಿಕೆಯುಳ್ಳ ಲೇಖನವನ್ನು ಪ್ರಕಟಿಸಿದರು. ಲೇಖನ ಆರಂಭವಾಗುವುದು 1843ರ ಒಂದು ಪ್ರಸಂಗದಿಂದ. ಕನೆಕ್ಟಿಕಟ್‌ನ ಸಾಲಿಸ್‌ಬರಿಯಲ್ಲಿ ಲೆವಿ ಸೈಡಮ್ ಎಂಬ 23 ವರ್ಷದ ವ್ಯಕ್ತಿ ವಿಗ್ ಪಕ್ಷದ ಪರವಾಗಿ ಮತ ಹಾಕಲು ಅವಕಾಶ ಕೇಳಿದಾಗ, ಈತ ಗಂಡಿಗಿಂತ ಹೆಚ್ಚಾಗಿ ಹೆಣ್ಣು ಎಂದು ಎದುರು ಪಕ್ಷದವರು ಆಕ್ಷೇಪಿಸಿದರು. ಆಗ ಮತದಾನ ಗಂಡಸರ ಹಕ್ಕು ಮಾತ್ರವಾಗಿತ್ತು. ವೈದ್ಯರು ಪರೀಕ್ಷಿಸಿ ಗಂಡೆಂದು ಪ್ರಮಾಣೀಕರಿಸಿದರು; ವಿಗ್ ಪಕ್ಷ ಒಂದೇ ಮತದ ಅಂತರದಿಂದ ಗೆದ್ದಿತು. ಕೆಲವೇ ದಿನಗಳಲ್ಲಿ ಸೈಡಮ್‌ಗೆ ಮಾಸಿಕ ಸ್ರಾವವಿರುವುದು ಅದೇ ವೈದ್ಯರಿಗೆ ತಿಳಿದುಬಂದಿತು. ಒಂದು ಊರಿನ ಆಡಳಿತವೇ ಒಂದು ದೇಹದ ವರ್ಗೀಕರಣವನ್ನು ಅವಲಂಬಿಸಿದ್ದ ಈ ಪ್ರಸಂಗವನ್ನು ಲೇಖಕಿ ಯಾವ ವ್ಯಾಖ್ಯಾನವನ್ನೂ ಹೇರದೆ ನಿರೂಪಿಸುತ್ತಾರೆ. ನಗೆಯ ಹೊಣೆಯನ್ನು ಘಟನೆಯೇ ಹೊರುತ್ತದೆ.

ಲೇಖನದ ವಿನೋದ ನಿಂತಿರುವುದು ವೈದ್ಯಶಾಸ್ತ್ರದ ಸ್ವಂತ ಪರಿಭಾಷೆಯ ಮೇಲೆ. ಜರ್ಮನಿಯ ಎಡ್ವಿನ್ ಕ್ಲೆಬ್ಸ್ 1876ರಲ್ಲಿ ಪ್ರತಿಪಾದಿಸಿದ ವಿಭಜನೆಯಲ್ಲಿ 'ನಿಜ ಉಭಯಲಿಂಗಿ' ಮತ್ತು 'ಮಿಥ್ಯಾ ಉಭಯಲಿಂಗಿ' ಎಂಬ ವರ್ಗಗಳಿದ್ದವು. ಎರಡನೆಯದರಲ್ಲಿ ಮತ್ತೆ ಗಂಡು, ಹೆಣ್ಣು ಎಂಬ ಒಳಭೇದಗಳಿದ್ದವು. ವೃಷಣ, ಅಂಡಾಶಯ ಎರಡರ ಅಂಗಾಂಶವೂ ಇದ್ದರೆ ಮಾತ್ರ 'ನಿಜ', ಉಳಿದದ್ದೆಲ್ಲ 'ಮಿಥ್ಯೆ'. ಫಾಸ್ಟೋ-ಸ್ಟರ್ಲಿಂಗ್ ಈ ಮೂರು ಪದಗಳನ್ನು ಹರ್ಮ್, ಮರ್ಮ್, ಫರ್ಮ್ ಎಂದು ಮೊಟಕುಗೊಳಿಸಿ, ಗಂಡು-ಹೆಣ್ಣುಗಳೊಂದಿಗೆ ಕೂಡಿಸಿ, ಐದೆಂದು ಎಣಿಸಿದರು. ಹೊಸದಾಗಿ ಏನನ್ನೂ ಸೇರಿಸದೆ, ಶಾಸ್ತ್ರವು ತಾನೇ ಮಾಡಿಕೊಂಡಿದ್ದ ಪಟ್ಟಿಯನ್ನು ಅಕ್ಷರಶಃ ಒಪ್ಪಿಕೊಂಡದ್ದಷ್ಟೇ ಇಲ್ಲಿಯ ಚಮತ್ಕಾರ. ಒಡೆಯನ ಮಾತನ್ನು ಅಕ್ಷರಶಃ ಪಾಲಿಸಿ ಒಡೆಯನನ್ನೇ ಪೇಚಿಗೆ ಸಿಲುಕಿಸುವ ಆಳಿನ ಕಥೆಗಳನ್ನು ಬಲ್ಲವರಿಗೆ ಈ ತಂತ್ರ ಅಪರಿಚಿತವಲ್ಲ. ಲಿಂಗವೆಂಬುದು ಅಖಂಡ ವ್ಯಾಪ್ತಿಯೆಂದು ಲೇಖನವೇ ಹೇಳುವುದರಿಂದ ಐದೂ ಅಂತಿಮ ಸಂಖ್ಯೆಯಾಗಿರಲಿಲ್ಲ.

ಆದರೆ ವಿನೋದವನ್ನು ವಿನೋದವೆಂದು ಗ್ರಹಿಸಿದವರು ವಿರಳ. ಕ್ಯಾಥೊಲಿಕ್ ಲೀಗ್ ಎಂಬ ಸಂಘಟನೆ 1995ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಜಾಹೀರಾತು ನೀಡಿ, ಇರುವುದು ಎರಡೇ ಲಿಂಗಗಳೆಂದು ಪ್ರತಿಭಟಿಸಿತು. ಅದೇ ವರ್ಷ ಮೆಲಿಸಾ ಸ್ಕಾಟ್ ಅವರು ಐದು ಲಿಂಗಗಳ ಲೋಕವೊಂದನ್ನು ಕಲ್ಪಿಸಿ 'ಶ್ಯಾಡೋ ಮ್ಯಾನ್' ಕಾದಂಬರಿ ಬರೆದರು. ಇವೆರಡಕ್ಕಿಂತ ಮಹತ್ವದ್ದು ಅಂತರಲಿಂಗಿಗಳದೇ ಪ್ರತಿಕ್ರಿಯೆ. ಚೆರಿಲ್ ಚೇಸ್ ಅವರು 1993ರಲ್ಲಿಯೇ ಅದೇ ಪತ್ರಿಕೆಗೆ ಬರೆದ ಪತ್ರದಲ್ಲಿ ಉತ್ತರ ಅಮೆರಿಕದ ಅಂತರಲಿಂಗಿ ಸಂಘದ ಸ್ಥಾಪನೆಯನ್ನು ಸಾರಿದರು. ಸಂಘದ ಬೇಡಿಕೆ ಸಂಖ್ಯೆಯನ್ನು ಕುರಿತದ್ದಾಗಿರಲಿಲ್ಲ. ಕೂಸುಗಳ ದೇಹವನ್ನು ಎರಡರಲ್ಲೊಂದು ಚೌಕಟ್ಟಿಗೆ ಹೊಂದಿಸಲು ನಡೆಸುವ ಅನಗತ್ಯ ಶಸ್ತ್ರಚಿಕಿತ್ಸೆ ನಿಲ್ಲಬೇಕೆಂಬುದು ಅದರ ಒತ್ತಾಯ. ಪಟ್ಟಿಯ ಮೇಲಿನ ನಗೆಯ ಹಿಂದೆ ಕತ್ತಿಯ ಗುರುತುಗಳಿದ್ದ ದೇಹಗಳಿದ್ದವು.

ಮನೋವಿಜ್ಞಾನಿ ಸುಝಾನ್ ಕೆಸ್ಲರ್ 1998ರಲ್ಲಿ ಎತ್ತಿದ ಆಕ್ಷೇಪ ಇನ್ನೂ ಸೂಕ್ಷ್ಮವಾದುದು. ದಿನನಿತ್ಯದ ಬದುಕಿನಲ್ಲಿ ಯಾರೂ ಎದುರಿನವರ ಅಂಗಗಳನ್ನು ಪರೀಕ್ಷಿಸುವುದಿಲ್ಲ. ಐದೆಂದರೂ ಅಂಗವೇ ಪ್ರಮಾಣವೆಂಬ ನಂಬಿಕೆ ಉಳಿದೇ ಉಳಿಯುತ್ತದೆ ಎಂಬುದು ಅವರ ವಾದ. ಫಾಸ್ಟೋ-ಸ್ಟರ್ಲಿಂಗ್ 2000ದಲ್ಲಿ ಅದೇ ಪತ್ರಿಕೆಯಲ್ಲಿ ಇದನ್ನು ಒಪ್ಪಿ, ಮೊದಲ ಲೇಖನ ವ್ಯಂಗ್ಯದ ಧಾಟಿಯದೆಂದು ಸ್ಪಷ್ಟಪಡಿಸಿ, ಐದರ ಯೋಜನೆಯನ್ನು ಕೈಬಿಟ್ಟರು. ಎಣಿಕೆಯ ವಿವಾದ ಮಾತ್ರ ಮುಗಿಯಲಿಲ್ಲ. ಅದೇ ವರ್ಷ ಅವರ ತಂಡ ಅಂತರಲಿಂಗಿಗಳ ಪ್ರಮಾಣ ಶೇ. 1.7ರಷ್ಟೆಂದು ಅಂದಾಜಿಸಿದರೆ, 2002ರಲ್ಲಿ ಲಿಯೊನಾರ್ಡ್ ಸ್ಯಾಕ್ಸ್ ಶೇ. 0.018 ಎಂದರು. ಯಾರನ್ನು ಅಂತರಲಿಂಗಿಯೆಂದು ಕರೆಯಬೇಕೆಂಬ ವ್ಯಾಖ್ಯೆಯೇ ಬೇರೆಯಾದಾಗ ಸಂಖ್ಯೆಗಳು ಕೂಡುವುದು ಅಸಾಧ್ಯ.

ಈ ಚರ್ಚೆಯನ್ನು ಕನ್ನಡದ ಓದುಗರು ಬೇರೊಂದು ನೆನಪಿನೊಂದಿಗೆ ಓದಲು ಸಾಧ್ಯವಿದೆ. 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಪುಂ, ಸ್ತ್ರೀ, ನಪುಂಸಕಗಳಿಗೆ ನಿಲ್ಲದೆ ಪುಂಸ್ತ್ರೀಲಿಂಗ, ವಾಚ್ಯಲಿಂಗ ಮೊದಲಾದವನ್ನು ಸೇರಿಸಿ ಒಂಬತ್ತು ಲಿಂಗಗಳನ್ನು ಹೇಳುತ್ತಾನೆ. ಇದು ಪದಗಳ ವಿಚಾರವೇ ಹೊರತು ದೇಹಗಳದ್ದಲ್ಲ. ವ್ಯಾಕರಣದ ಔದಾರ್ಯವನ್ನು ಸಮಾಜದ ಔದಾರ್ಯವೆಂದು ಭ್ರಮಿಸಬಾರದು. ಆದರೂ ವೈಯಾಕರಣನು ಬಳಕೆಯನ್ನು ಗಮನಿಸಿ ವರ್ಗಗಳನ್ನು ಹೆಚ್ಚಿಸಿದನೇ ವಿನಾ ವರ್ಗಗಳಿಗೆ ತಕ್ಕಂತೆ ಪದಗಳನ್ನು ಕತ್ತರಿಸಲಿಲ್ಲ. ನಮ್ಮ ಆಡುಮಾತಿನಲ್ಲಿ 'ಕೂಸು ಅಳುತ್ತದೆ' ಎನ್ನುವಾಗ ಕೂಸು ಗಂಡೋ ಹೆಣ್ಣೋ ಎಂದು ಕ್ರಿಯಾಪದ ಕೇಳುವುದಿಲ್ಲ ಎಂಬುದೂ ಗಮನಾರ್ಹ.

ಉತ್ತರ ಅಮೆರಿಕದ ಸಂಘ 2008ರಲ್ಲಿ ಮುಚ್ಚಿತು. ಅದಕ್ಕೆ ಮೊದಲೇ, 2006ರಲ್ಲಿ, ತಜ್ಞ ವೈದ್ಯರ ಸಮ್ಮತಿ ಹೇಳಿಕೆಯೊಂದು 'ಉಭಯಲಿಂಗಿ' ಮೂಲದ ಹಳೆಯ ಪದಗಳನ್ನು ಕೈಬಿಡಲು ಸೂಚಿಸಿತು. ಅದು ಮುಂದಿಟ್ಟ 'ಲಿಂಗ ಬೆಳವಣಿಗೆಯ ದೋಷ' ಎಂಬ ಅರ್ಥದ ಹೊಸ ಪದವನ್ನೂ ಅನೇಕ ಅಂತರಲಿಂಗಿಗಳು ಒಪ್ಪಲಿಲ್ಲ. 2019ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ತೀರ್ಪನ್ನನುಸರಿಸಿ ತಮಿಳುನಾಡು ಸರ್ಕಾರ, ಜೀವಾಪಾಯದ ಸಂದರ್ಭಗಳನ್ನುಳಿದು, ಅಂತರಲಿಂಗಿ ಶಿಶುಗಳ ಮೇಲೆ ಇಂಥ ಶಸ್ತ್ರಚಿಕಿತ್ಸೆ ನಡೆಸುವುದನ್ನು ನಿಷೇಧಿಸಿತು.

ಇವೆಲ್ಲಕ್ಕೂ ಒಂದು ಲೇಖನದ ವಿನೋದವೇ ಕಾರಣವೆನ್ನುವುದು ಉತ್ಪ್ರೇಕ್ಷೆಯಾದೀತು. ಎರಡೆಂಬ ಎಣಿಕೆ ಪ್ರಶ್ನಾತೀತವಲ್ಲವೆಂದು ತೋರಿಸಿದ್ದು ಆ ವಿನೋದದ ಸಾಧನೆ. ಎಣಿಕೆಯಿಂದ ಹೊರಗುಳಿದವರು ತಾವೇ ಮಾತನಾಡಿದಾಗ ಹಿಂದೆ ಸರಿದದ್ದು ಅದರ ವಿವೇಕ. ಗಾಂಪರ ಕಥೆಯಲ್ಲಿಯೂ ದಾರಿಹೋಕನೊಬ್ಬ ಬಂದು ಎಣಿಸುವವನನ್ನೂ ಸೇರಿಸಿ ಎಣಿಸಿದಾಗಲೇ ಅಳು ನಿಲ್ಲುತ್ತದೆ.