ಮನೆಯ ಜೀರ್ಣೋದ್ಧಾರ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ನಮ್ಮಲ್ಲಿ ಅರಿಯದವರಿಲ್ಲ. ಕಟ್ಟುವುದರ ಕಷ್ಟವನ್ನು ಹೇಳುವ ಈ ಗಾದೆ, ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವ ಕಷ್ಟದ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಚರಿತ್ರೆಯ ಗ್ರಂಥಗಳೂ ಬಹುಮಟ್ಟಿಗೆ ಹೀಗೆಯೇ. ಅರಮನೆಯನ್ನು ಕಟ್ಟಿಸಿದ ದೊರೆಯ ಹೆಸರು, ದೇವಾಲಯವನ್ನು ಎತ್ತಿಸಿದ ದಂಡನಾಯಕನ ಹೆಸರು ನಮಗೆ ದೊರೆಯುತ್ತವೆ. ಅವುಗಳ ಸೋರುವ ಮಾಳಿಗೆಗೆ ವರ್ಷವರ್ಷವೂ ಗಾರೆ ಹಾಕಿದವನ ಹೆಸರು ದೊರೆಯುವುದಿಲ್ಲ. ಆದರೂ ಆ ಕಟ್ಟಡಗಳು ನಮ್ಮ ಕಾಲದವರೆಗೆ ನಿಂತಿರುವುದು ಈ ಹೆಸರಿಲ್ಲದವನ ದೆಸೆಯಿಂದಲೇ. ಮುಂಗಾರಿನ ಮೊದಲ ಮೋಡವನ್ನು ಕಂಡೊಡನೆ ಗೃಹಸ್ಥನಾದವನು ತನ್ನ ಮನೆಯ ಮಾಡಿನ ಕಡೆಗೆ ಒಮ್ಮೆ ಕಣ್ಣೆತ್ತಿ ನೋಡುತ್ತಾನಷ್ಟೆ. ಆ ನೋಟದ ಹಿಂದೆಯೂ ಒಂದು ದೀರ್ಘವಾದ ಚರಿತ್ರೆಯುಂಟು. ಅದನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಈ ವಿಷಯವಾಗಿ ನಮ್ಮ ದೇಶದಲ್ಲಿ ದೊರೆಯುವ ಹಳೆಯ ಕಥೆಗಳಲ್ಲೊಂದು ಬೌದ್ಧರ ವಿನಯಪಿಟಕದ ಚುಲ್ಲವಗ್ಗವೆಂಬ ಭಾಗದಲ್ಲಿದೆ. ವೈಶಾಲಿಯಲ್ಲಿ ಒಬ್ಬ ಬಡ ಚಿಪ್ಪಿಗನಿದ್ದನು. ಇತರರು ಭಿಕ್ಷುಗಳಿಗೆ ವಿಹಾರಗಳನ್ನು ಕಟ್ಟಿಸಿಕೊಡುವುದನ್ನು ಕಂಡು ತಾನೂ ಒಂದನ್ನು ಕಟ್ಟಿಕೊಡಬೇಕೆಂದು ಬಯಸಿದನು. ತಾನೇ ಮಣ್ಣು ಕಲಸಿದನು, ಇಟ್ಟಿಗೆ ಜೋಡಿಸಿದನು, ಗೋಡೆಯನ್ನು ಎಬ್ಬಿಸಿದನು. ಕೆಲಸವರಿಯದವನ ಗೋಡೆ ಡೊಂಕಾಗಿ ಬಿದ್ದುಹೋಯಿತು. ಎರಡನೆಯ ಸಲವೂ ಬಿದ್ದಿತು. ಮೂರನೆಯ ಸಲವೂ ಬಿದ್ದಿತು. ವಸ್ತ್ರ ಆಹಾರಗಳನ್ನು ಕೊಡಬಲ್ಲವರಿಗೆ ಭಿಕ್ಷುಗಳು ಬುದ್ಧಿ ಹೇಳುತ್ತಾರೆ, ಅವರ ಕೆಲಸವನ್ನು ಮುಂದೆ ನಿಂತು ನೋಡಿಕೊಳ್ಳುತ್ತಾರೆ. ಬಡವನಾದ ತನಗೆ ಹೇಳಿಕೊಡುವವರಿಲ್ಲ ಎಂದು ಅವನು ನೊಂದು ದೂರಿದನು. ಈ ದೂರು ಬುದ್ಧನ ಕಿವಿಗೆ ಬಿದ್ದಿತು. ಅಂದಿನಿಂದ ಪ್ರತಿಯೊಂದು ಕಟ್ಟಡದ ಕೆಲಸಕ್ಕೂ ಒಬ್ಬ ಭಿಕ್ಷುವನ್ನು ಹೊಣೆಗಾರನನ್ನಾಗಿ ನೇಮಿಸಬೇಕೆಂದು ನಿಯಮವಾಯಿತು. ಆ ಹೊಣೆಗಾರನ ಕರ್ತವ್ಯಗಳು ಎರಡು: ಕೆಲಸವು ಬೇಗ ಮುಗಿಯುವಂತೆ ನೋಡಿಕೊಳ್ಳುವುದು ಒಂದು, ಮುರಿದುದನ್ನೂ ಬಿರಿದುದನ್ನೂ ಸರಿಪಡಿಸುವುದು ಮತ್ತೊಂದು.

ನಿಯಮವಾದೊಡನೆಯೇ ಅದರ ದುರುಪಯೋಗವೂ ಮೊದಲಾಯಿತು. ಗೋಡೆಗೆ ಒಂದಿಷ್ಟು ಮಣ್ಣು ಮೆತ್ತಿದರೂ ಸಾಕು, ಬಾಗಿಲೊಂದನ್ನು ಇಟ್ಟರೂ ಸಾಕು, ಅದಕ್ಕೆ ಇಪ್ಪತ್ತು ಮೂವತ್ತು ವರ್ಷಗಳ ಅಧಿಕಾರ ಕೊಡುವುದು ವಾಡಿಕೆಯಾಯಿತು. ಆಗ ಬುದ್ಧನು ಅವಧಿಯನ್ನೂ ಗೊತ್ತುಮಾಡಿದನು. ಕೆಲಸವನ್ನು ನೋಡಿಕೊಂಡು ಚಿಕ್ಕ ವಿಹಾರಕ್ಕೆ 5–6 ವರ್ಷ, ನಡುತರದ ಕಟ್ಟಡಕ್ಕೆ 7–8 ವರ್ಷ, ದೊಡ್ಡ ವಿಹಾರಕ್ಕೆ 10–12 ವರ್ಷ. ಕೆಲಸವೆಷ್ಟು, ಕಾಲವೆಷ್ಟು, ಹೊಣೆ ಯಾರದು ಎಂದು ಮೊದಲೇ ನಿಶ್ಚಯಿಸುವ ಈ ಕ್ರಮವು ಇಂದಿನ ಯಾವ ಇಂಜಿನಿಯರನಿಗೂ ಒಪ್ಪಿಗೆಯಾಗತಕ್ಕದ್ದೇ.

ಇದಕ್ಕಿಂತಲೂ ಸೋಜಿಗದ ಸಂಗತಿ ಅದೇ ಗ್ರಂಥದ ಕೊನೆಯಲ್ಲಿದೆ. ಬುದ್ಧನು ನಿರ್ವಾಣ ಹೊಂದಿದ ಮೇಲೆ ಅವನ ಉಪದೇಶವನ್ನು ಕೂಡಿಸಿ ಉಳಿಸುವುದಕ್ಕಾಗಿ ಸ್ಥವಿರರು ರಾಜಗೃಹದಲ್ಲಿ ಮಳೆಗಾಲದ ವಾಸಕ್ಕೆ ಸೇರಿದರು. ಅದಕ್ಕಿಂತ ಅವಸರದ ಕೆಲಸ ಅವರಿಗೆ ಬೇರೆ ಏನಿದ್ದೀತು? ಆದರೆ ಅವರು ನಿಶ್ಚಯಿಸಿದುದು ಹೀಗೆ: ಮುರಿದುದನ್ನು ಸರಿಪಡಿಸುವುದನ್ನು ಭಗವಂತನು ಹೊಗಳಿದ್ದಾನೆ, ಆದುದರಿಂದ ಮೊದಲ ತಿಂಗಳು ವಾಸಸ್ಥಾನಗಳ ದುರಸ್ತಿ, ನಡುವಣ ತಿಂಗಳು ಧರ್ಮವಿನಯಗಳ ಪಠನ. ಮಾಡು ಸೋರುತ್ತಿರುವಾಗ ಧರ್ಮವನ್ನು ಕುರಿತ ಸಭೆ ನಡೆಯಲಾರದೆಂಬ ಲೋಕಜ್ಞಾನ ಅವರಿಗೆ ಇದ್ದಿತು.

ಮುರಿದ ಬಿರಿದ ಭಾಗಗಳಿಗೆ ಆ ಪಾಳಿ ಗ್ರಂಥವು ಬಳಸುವ ಮಾತು ‘ಖಂಡಫುಲ್ಲ’. ಇದರ ಸಂಸ್ಕೃತ ರೂಪವಾದ ‘ಖಂಡಸ್ಫುಟಿತ’ವನ್ನು ನಾವು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬಿ. ಎಲ್. ರೈಸ್ ಅವರು 1886ರಿಂದ ಪ್ರಕಟಿಸತೊಡಗಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತೆರೆದರೆ ಇದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ರಾಷ್ಟ್ರಕೂಟರ, ಚಾಲುಕ್ಯರ, ಹೊಯ್ಸಳರ ದಾನಶಾಸನಗಳಲ್ಲಿ ಬಸದಿಗೋ ದೇವಾಲಯಕ್ಕೋ ಭೂಮಿಯನ್ನು ಬಿಡುವಾಗ ಅದರ ಉದ್ದೇಶವನ್ನು ಎಣಿಸಿ ಹೇಳುವುದು ಪದ್ಧತಿ. ದೇವರ ಪೂಜೆಗೆ, ನೈವೇದ್ಯಕ್ಕೆ, ತಪಸ್ವಿಗಳ ಆಹಾರಕ್ಕೆ ಎನ್ನುವಾಗಲೇ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ ಎಂಬ ಮಾತೂ ಬರುತ್ತದೆ. ಎಂದರೆ ಕಟ್ಟಡದ ಗಾರೆ ಹೊಸದಾಗಿರುವಾಗಲೇ, ಬಿರುಕೊಂದೂ ಬಿಡದಿರುವಾಗಲೇ, ಮುಂದೆ ಬಿಡಲಿರುವ ಬಿರುಕಿಗೆ ಹಣವನ್ನು ಎತ್ತಿಡುತ್ತಿದ್ದರು. ಕೆರೆಗಳ ವಿಷಯದಲ್ಲಿಯೂ ಹೀಗೆಯೇ. ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದು ಪಾಲನ್ನು ‘ಬಿತ್ತುವಟ್ಟ’ವೆಂದು ಬಿಟ್ಟು, ಕೆರೆಯನ್ನು ಕಟ್ಟಿ ಕಾಪಾಡುವ ಕೆಲಸಕ್ಕೆ ಕೆರೆಯಿಂದಲೇ ಆದಾಯವನ್ನು ಕಲ್ಪಿಸಿದ್ದರು. ಕಟ್ಟಡಗಳ ಇಲಾಖೆಗೆ ನಮ್ಮ ಹಿರಿಯರು ಹೇಳುತ್ತಿದ್ದ ‘ಮರಾಮತ್ತು’ ಎಂಬ ಮಾತಿಗೂ ಅರಬ್ಬೀ ಮೂಲದಲ್ಲಿ ದುರಸ್ತಿಯೆಂದೇ ಅರ್ಥ. ಹೊಸದನ್ನು ಕಟ್ಟುವ ಇಲಾಖೆಯೂ ಹಳೆಯದನ್ನು ಸರಿಪಡಿಸುವ ಹೆಸರನ್ನು ಹೊತ್ತಿದ್ದಿತು.

ಇವೆಲ್ಲ ವಿಹಾರ ದೇವಾಲಯಗಳ ಮಾತಾಯಿತು. ಸಾಮಾನ್ಯ ಗೃಹಸ್ಥನ ಮನೆಯ ಗತಿಯೇನು ಎಂದು ಕೇಳಬಹುದು. ಇದಕ್ಕೆ ಉತ್ತರವನ್ನು ಹೇಳುವ ಗ್ರಂಥವು ಬೆಳಕಿಗೆ ಬಂದುದು ಮೈಸೂರಿನಲ್ಲಿಯೇ. ಆರ್. ಶಾಮಶಾಸ್ತ್ರಿಗಳು ಇಲ್ಲಿಯ ಓರಿಯಂಟಲ್ ಲೈಬ್ರರಿಯಲ್ಲಿದ್ದ ಓಲೆಯ ಪ್ರತಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚುಹಾಕಿಸಿದರು. 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದರು. ರಾಜನೀತಿಗಾಗಿ ಹೆಸರಾದ ಈ ಗ್ರಂಥದಲ್ಲಿ ಮನೆಯ ಮಾಡಿನ ವಿಚಾರವೂ ಉಂಟು. ಮಳೆಯ ಬಾಧೆಯ ಭಯದಿಂದ ಮನೆಯ ಮೇಲುಭಾಗವನ್ನು ಚಾಪೆಗಳಿಂದ ಮರೆಮಾಡಬೇಕು. ತಪ್ಪಿದವನಿಗೆ ಪ್ರಥಮ ಸಾಹಸದಂಡ. ಬೇಸಗೆಗೆ ಬೇರೆ ವಿಧಿ. ಹಗಲನ್ನು ನಾಲ್ಕು ಪಾಲು ಮಾಡಿ, ನಡುವಣ ಎರಡು ಪಾಲಿನಲ್ಲಿ ಬೆಂಕಿ ಹೊತ್ತಿಸಿದವನಿಗೆ ಪಣದ ಎಂಟನೆಯ ಒಂದು ಭಾಗ ದಂಡ. ಇಲ್ಲವೆ ಅಡಿಗೆಯನ್ನು ಮನೆಯ ಹೊರಗೆ ಮಾಡಿಕೊಳ್ಳಬೇಕು. ನೀರಿನ ಕೊಡಗಳು, ಏಣಿ, ಕೊಡಲಿ, ಕೊಕ್ಕೆ, ತೊಗಲಿನ ಚೀಲ ಇವು ಮನೆಯಲ್ಲಿ ಸಿದ್ಧವಾಗಿರಬೇಕು. ಉರಿಯುವ ಮನೆಯನ್ನು ಉಳಿಸಲು ಓಡಿಬರದ ಮನೆಯ ಯಜಮಾನನಿಗೆ 12 ಪಣ, ಬಾಡಿಗೆಯವನಿಗೆ 6 ಪಣ ದಂಡ. ಒಂದೊಂದು ಋತುವಿಗೂ ಮನೆಗೆ ಒಂದೊಂದು ಅಪಾಯವುಂಟು, ಅದು ಬರುವುದಕ್ಕೆ ಮುಂಚೆ ಸಿದ್ಧತೆಯಿರಬೇಕು ಎಂಬುದು ಇವುಗಳ ತಾತ್ಪರ್ಯ.

ನಮ್ಮ ನಾಡಿನ ಮನೆಗಳಲ್ಲಿ ಇಂತಹ ವಿಧಿಗಳು ದಂಡದ ಭಯವಿಲ್ಲದೆಯೇ ಬಳಕೆಯಾಗಿ ಬಂದವು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಮಳೆಗೆ ಮುಂಚೆ ತೆಂಗಿನ ಮಡಲಿನ ಅಥವಾ ಅಡಿಕೆ ಸೋಗೆಯ ತಟ್ಟಿಗಳನ್ನು ಕಟ್ಟಿ ಗೋಡೆಗಳನ್ನು ಇರಚಲಿನಿಂದ ಮರೆಮಾಡುವುದು ಕೌಟಿಲ್ಯನ ಚಾಪೆಗೆ ಎಷ್ಟು ಹತ್ತಿರವಾಗಿದೆ ನೋಡಿ! ನಾಡಹೆಂಚಿನ ಮನೆಗಳಲ್ಲಿ ವೈಶಾಖದ ಹೊತ್ತಿಗೆ ಹೆಂಚು ಕೈಯಾಡಿಸುತ್ತಿದ್ದರು. ಬೆಕ್ಕು ಕೋತಿಗಳು ಸರಿಸಿದ ಹೆಂಚುಗಳನ್ನು ತೆಗೆದು, ಕಸವನ್ನು ಗುಡಿಸಿ, ಒಡೆದುದನ್ನು ಬದಲಿಸಿ, ಮತ್ತೆ ಹೊದಿಸುತ್ತಿದ್ದರು. ಬಯಲುಸೀಮೆಯ ಮಣ್ಣಿನ ಮಾಳಿಗೆಗೆ ಮುಂಗಾರಿಗೆ ಮುನ್ನ ಚೌಳುಮಣ್ಣನ್ನು ಹರಡುತ್ತಿದ್ದರು. ಪೈರಿಗೆ ಕೇಡಾದ ಈ ಮಣ್ಣು ಮಾಳಿಗೆಗೆ ಲೇಸು. ನೀರು ಬಿದ್ದೊಡನೆ ಇದರ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನು ಮುಚ್ಚಿ, ನೀರು ಕೆಳಗಿಳಿಯದೆ ದೋಣಿಯ ಕಡೆಗೆ ಹರಿಯುವಂತೆ ಮಾಡುತ್ತದೆ. ಮಳೆ ಹಿಂದೆಗೆದು ಗೋಡೆಗಳು ಆರಿದ ಮೇಲೆ ನವರಾತ್ರಿ ದೀಪಾವಳಿಗಳ ಹೊತ್ತಿಗೆ ಸುಣ್ಣ ಕೆಮ್ಮಣ್ಣು. ಯುಗಾದಿಗೆ ಮತ್ತೊಮ್ಮೆ ಮನೆ ತೊಳೆದು ಬಳಿಯುವುದು. ಶಾಸನದಲ್ಲಿ ಬರೆಯಿಸಲಾಗದ ಗೃಹಸ್ಥನು ತನ್ನ ಮನೆಯ ಜೀರ್ಣೋದ್ಧಾರವನ್ನು ಪಂಚಾಂಗದಲ್ಲಿ ಬರೆದಿಟ್ಟಿದ್ದನು. ಹಬ್ಬವು ತಪ್ಪುವುದಿಲ್ಲವಾದುದರಿಂದ ದುರಸ್ತಿಯೂ ತಪ್ಪುತ್ತಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈ ಪದ್ಧತಿ ಬದಲಾಗುತ್ತ ಬಂದಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಒಂದಕ್ಕೊಂದು ಕಚ್ಚಿಕೊಳ್ಳುವ ಈ ಹೆಂಚು ಸುಲಭವಾಗಿ ಜಾರುವುದಿಲ್ಲ. ಹುಲ್ಲಿನಂತೆ ಉರಿಯುವುದೂ ಇಲ್ಲ. ವರ್ಷವರ್ಷದ ಹೊದಿಕೆಯ ಶ್ರಮ ಬಹಳ ಕಡಮೆಯಾಯಿತು. ಇದು ದೊಡ್ಡ ಉಪಕಾರವೇ ಸರಿ. ಇನ್ನು ಕೆಲವು ಸುಧಾರಣೆಗಳು ವಿಪತ್ತಿನ ಮೂಲಕ ಬಂದವು. 1897ರಲ್ಲಿ ಮೈಸೂರಿನ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ನರ ನಕ್ಷೆಯಂತೆ ಕಲ್ಲು ಕಬ್ಬಿಣಗಳನ್ನು ಬಳಸಿ ಕಟ್ಟಿದ ಹೊಸ ಅರಮನೆ 1912ರಲ್ಲಿ ಪೂರ್ಣವಾಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಗಾಳಿ ಬೆಳಕುಗಳಿಲ್ಲದ ಇಕ್ಕಟ್ಟಿನ ಮನೆಗಳ ಅಪಾಯವು ಆಗ ಎಲ್ಲರಿಗೂ ಅರಿವಾಗಿ, ಮಲ್ಲೇಶ್ವರ ಬಸವನಗುಡಿಗಳಂತಹ ಹೊಸ ಬಡಾವಣೆಗಳು ಬೆಳೆದವು. ಇವುಗಳಿಂದ ಒಳ್ಳೆಯದೇ ಆಯಿತು. ಆದರೆ ವಿಪತ್ತು ಕಲಿಸುವ ಪಾಠಕ್ಕೆ ತೆರಬೇಕಾದ ಬೆಲೆ ಬಹಳ ದೊಡ್ಡದು.

ಹೊಸ ಸಾಮಗ್ರಿಗಳು ಬಂದಾಗ ಅವುಗಳೊಂದಿಗೆ ಒಂದು ಭ್ರಮೆಯೂ ಬಂದಿತು. ಅದೇನೆಂದರೆ, ಒಮ್ಮೆ ಚೆನ್ನಾಗಿ ಕಟ್ಟಿದರೆ ಮತ್ತೆ ನೋಡಬೇಕಾಗಿಲ್ಲವೆಂಬುದು. ನಾವೇ ಈ ಭ್ರಮೆಗೆ ಒಳಗಾದವರು. ನಮ್ಮ ಹಿರಿಯರ ಮನೆಗೆ ಸುಣ್ಣದ ಗಾರೆಯ ತಾರಸಿಯಿದ್ದಿತು. ಬೆಲ್ಲವನ್ನೂ ಅಳಲೆಕಾಯಿಯನ್ನೂ ನೆನೆಸಿದ ನೀರನ್ನು ಚಿಮುಕಿಸುತ್ತ, ದಿನಗಟ್ಟಲೆ ಬಡಿದು ಗಟ್ಟಿಮಾಡಿದ ತಾರಸಿ ಅದು. ಮೂಲೆಯೊಂದರಲ್ಲಿ ಸೋರಿಕೆ ಕಾಣಿಸಿದಾಗ, ವರ್ಷವರ್ಷದ ಈ ತೊಂದರೆ ಸಾಕೆಂದು ನಾವು ಅದರ ಮೇಲೆಲ್ಲ ಸಿಮೆಂಟನ್ನು ಹಾಕಿಸಿದೆವು. ಗೋಡೆಗಳಿಗೂ ಅದನ್ನೇ ಮೆತ್ತಿಸಿದೆವು. ಎರಡು ಮಳೆಗಾಲ ನಿಶ್ಚಿಂತೆಯಿಂದ ಕಳೆದವು. ಮೂರನೆಯದರಲ್ಲಿ ಒಳಗೋಡೆಗಳು ಹಸಿಯಾಗಿ ಉಬ್ಬಿದವು. ತೊಲೆಯ ತುದಿ ಬೆರಳಿಗೆ ಪುಡಿಯಾಗಿ ಉದುರಿತು. ಇದರ ಕಾರಣವು ನಮಗೆ ತಿಳಿದುದು ಆಮೇಲೆ. ಸುಣ್ಣದ ಗಾರೆಯು ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಅದರಲ್ಲಿ ಮೂಡುವ ಕೂದಲೆಳೆಯಂತಹ ಬಿರುಕುಗಳು, ಕರಗಿದ ಸುಣ್ಣವು ಮತ್ತೆ ಗಟ್ಟಿಯಾಗುವುದರಿಂದ, ಎಷ್ಟೋ ಸಲ ತಾವಾಗಿಯೇ ಕೂಡಿಕೊಳ್ಳುತ್ತವೆ. ಸಿಮೆಂಟಿನ ಗಡುಸಾದ ಹೊದಿಕೆಯಲ್ಲಿ ಬಿರುಕೊಂದು ಬಿಟ್ಟರೆ ನೀರು ಒಳಗಿಳಿಯುತ್ತದೆ. ಇಳಿದ ನೀರಿಗೆ ಹೊರಬರುವ ದಾರಿಯಿಲ್ಲ. ಸಿಮೆಂಟನ್ನು ನಾವು ನಿಂದಿಸುವುದಿಲ್ಲ. ಅದಕ್ಕೆ ತಕ್ಕ ಕಟ್ಟಡದಲ್ಲಿ ಅದು ಉತ್ತಮವಾದ ವಸ್ತು. ತಪ್ಪು ನಮ್ಮದು. ಒಂದು ಮೂಲೆಯ ದುರಸ್ತಿಯನ್ನು ತಪ್ಪಿಸಿಕೊಳ್ಳಲು ಹೋಗಿ ಇಡೀ ಮನೆಯ ಸ್ವಭಾವವನ್ನೇ ಕೆಡಿಸಿದೆವು. ಆ ಮನೆಯ ಅರ್ಧವನ್ನು ನಾವು ಕೆಡವಬೇಕಾಯಿತು.

ಹಳೆಯವರ ಏರ್ಪಾಡಿನಲ್ಲಿ ಮೂರು ಅಂಗಗಳಿದ್ದುವೆಂಬುದನ್ನು ಈಗ ಗಮನಿಸಬಹುದು. ರಾಜಗೃಹದ ಸ್ಥವಿರರು ದುರಸ್ತಿಗೆ ಕಾಲವನ್ನು ಗೊತ್ತುಮಾಡಿದರು. ಶಾಸನದ ದಾನಿಗಳು ಹಣವನ್ನು ಗೊತ್ತುಮಾಡಿದರು. ವೈಶಾಲಿಯ ಚಿಪ್ಪಿಗನ ದೂರಿನಿಂದ ಹೊಣೆಗಾರನು ಗೊತ್ತಾದನು. ಇಂದಿನ ಮನೆಗಳಿಗೂ ಬೇಕಾದುವು ಇವೇ. ವೈಶಾಖದಲ್ಲಿ ಮಾಡು, ದೋಣಿ, ನೀರಿನ ದಾರಿಗಳು. ಆಶ್ವಯುಜದಲ್ಲಿ ಗೋಡೆ, ಸುಣ್ಣಬಣ್ಣ. ಮಾಘದಲ್ಲಿ ಮರದ ಕೆಲಸ, ಗೆದ್ದಲಿನ ಪರೀಕ್ಷೆ. ಹೀಗೆ ಗೋಡೆಯ ಪಂಚಾಂಗದಲ್ಲಿಯೇ ಗುರುತು ಮಾಡಿಕೊಳ್ಳಬಹುದು. ಮನೆಯ ಲೆಕ್ಕದಲ್ಲಿ ದುರಸ್ತಿಗೆಂದು ಬೇರೆಯಾದ ಒಂದು ಪುಟವಿರಬೇಕು. ಹೊಸ ಕೋಣೆ, ಹೊಸ ನೆಲ, ಹೊಸ ಅಲಂಕಾರಗಳ ಯೋಚನೆಯನ್ನು ಈ ಪುಟದ ಕೆಲಸ ತೀರಿದ ಮೇಲೆಯೇ ಮಾಡಬೇಕು. ಸೋರುವ ಮಾಡಿನ ಕೆಳಗೆ ಹೊಸ ಬಣ್ಣ ಬಳಿಯಿಸುವುದು ಹಣದ ಹಾನಿ. ಇನ್ನು ಮೂರನೆಯದಾಗಿ, ಮನೆಯವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಏಣಿ ಹತ್ತಿ ಮೇಲೆ ನೋಡಬೇಕು. ಎಲ್ಲರ ಕೆಲಸವೆಂದು ಬಿಟ್ಟರೆ ಅದು ಯಾರ ಕೆಲಸವೂ ಆಗುವುದಿಲ್ಲ.

ನಮ್ಮ ದಾನಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳಲ್ಲಿ ಒಂದರ ಭಾವ ಹೀಗಿದೆ: ದಾನ ಮಾಡುವುದು, ಮಾಡಿದ ದಾನವನ್ನು ಕಾಪಾಡುವುದು, ಈ ಎರಡರಲ್ಲಿ ಕಾಪಾಡುವುದೇ ಮೇಲು, ಕೊಟ್ಟವನು ಸ್ವರ್ಗವನ್ನು ಪಡೆದರೆ ಕಾಪಾಡಿದವನು ಚ್ಯುತಿಯಿಲ್ಲದ ಪದವಿಯನ್ನೇ ಪಡೆಯುತ್ತಾನೆ. ಇದು ಭೂದಾನವನ್ನು ಕುರಿತು ಹೇಳಿದ ಮಾತಾದರೂ, ತಂದೆತಾಯಿಗಳು ಕಟ್ಟಿ ಬಿಟ್ಟುಹೋದ ಮನೆಯಲ್ಲಿ ವಾಸಿಸತಕ್ಕವರೆಲ್ಲರಿಗೂ ಸಲ್ಲುತ್ತದೆ. ಅವರು ಕಟ್ಟಿ ನೋಡಿದರು. ಕಾಪಾಡಿ ನೋಡುವ ಭಾಗ್ಯ ನಮ್ಮ ಪಾಲಿಗೆ ಬಂದಿದೆ.