ಎಡಕ್ಕೆರಡು ಬಾಗಿಲು, ಬಲಕ್ಕೊಂದೇ ಬಾಗಿಲು: ಈ ಕಾರುಗಳು ಹೀಗೇಕೆ?

ಕಾರಿನ ಎಡಭಾಗ ಹೇಗಿದೆಯೋ ಬಲಭಾಗವೂ ಹಾಗೇ ಇರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಒಂದು ಬದಿಗೆ ಎರಡು ಬಾಗಿಲು, ಇನ್ನೊಂದು ಬದಿಗೆ ಒಂದೇ ಬಾಗಿಲು ಇರುವ ಕಾರುಗಳಿವೆ. ಹಿಂದಿನ ಗಾಜು ಒಂದೇ ಮೂಲೆಗೆ ಹೊರಳಿರುವ ಕಾರೂ ಇದೆ. ನೋಡಿದವರಿಗೆ ಇದು ವಿನ್ಯಾಸಕಾರರ ಹುಚ್ಚಾಟ ಎನಿಸಬಹುದು. ಹೆಚ್ಚಿನ ಕಡೆ ಕಾರಣ ಮಾತ್ರ ಸರಳ. ರಸ್ತೆ ಬದಿ ನಿಂತ ಕಾರಿನ ಒಂದು ಪಕ್ಕ ಫುಟ್‌ಪಾತ್, ಇನ್ನೊಂದು ಪಕ್ಕ ವೇಗವಾಗಿ ಬರುವ ವಾಹನಗಳು. ಎರಡೂ ಬದಿಯ ಅಗತ್ಯ ಒಂದೇ ಅಲ್ಲ.

ವ್ಯಾನ್‌ಗಳಲ್ಲಿ ಹಳೆಯ ರೂಢಿ

ಸರಕು ಸಾಗಿಸುವ ಎಷ್ಟೋ ವ್ಯಾನ್‌ಗಳಿಗೆ ಸ್ಲೈಡಿಂಗ್ ಡೋರ್ ಒಂದೇ ಕಡೆ, ಫುಟ್‌ಪಾತ್ ಬದಿಗೆ ಇರುತ್ತದೆ. ಎಡಬದಿ ಸಂಚಾರವಿರುವ ಬ್ರಿಟನ್, ಜಪಾನ್‌ಗಳಲ್ಲಿ ಎಡಕ್ಕೆ, ಅಮೆರಿಕ, ಜರ್ಮನಿಗಳಲ್ಲಿ ಬಲಕ್ಕೆ. 1967ರಿಂದ 1972ರವರೆಗಿನ ಷೆವರ್ಲೆ ಸಬರ್ಬನ್‌ಗೆ ಚಾಲಕನ ಬದಿ ಒಂದು, ಪ್ರಯಾಣಿಕರ ಬದಿ ಎರಡು ಬಾಗಿಲುಗಳಿದ್ದವು. ಜಪಾನ್‌ನಲ್ಲಿ 2004ರಲ್ಲಿ ಬಂದ ಟೊಯೊಟಾ ಪೋರ್ಟೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಎಡಬದಿಗೆ ವಿದ್ಯುತ್ ಚಾಲಿತವಾದ ಒಂದೇ ದೊಡ್ಡ ಸ್ಲೈಡಿಂಗ್ ಡೋರ್, ಬಲಬದಿಗೆ ಚಾಲಕನಿಗಾಗಿ ಮಾಮೂಲಿ ಬಾಗಿಲು.

ಒಂದೇ ಉಪಾಯ, ಎರಡು ಫಲಿತಾಂಶ

2007ರಲ್ಲಿ ಬಂದ ಮಿನಿ ಕ್ಲಬ್‌ಮನ್ ಕಾರಿನ ಬಲಬದಿಗೆ ಮಾತ್ರ ಹೆಚ್ಚುವರಿಯಾಗಿ ಒಂದು ಪುಟ್ಟ ಹಿಂಬಾಗಿಲು ಇತ್ತು. ಜರ್ಮನಿ, ಅಮೆರಿಕದಲ್ಲಿ ಅದು ಫುಟ್‌ಪಾತ್ ಕಡೆ ತೆರೆದುಕೊಳ್ಳುತ್ತಿತ್ತು. ಆದರೆ ಮಿನಿಯ ತವರಾದ ಬ್ರಿಟನ್‌ನಲ್ಲಿ ವಾಹನಗಳು ಎಡಕ್ಕೆ ಚಲಿಸುತ್ತವೆ. ಹಾಗಾಗಿ ಅಲ್ಲಿ ಹಿಂದಿನ ಸೀಟಿನ ಮಕ್ಕಳು ನೇರ ರಸ್ತೆಯ ಮಧ್ಯಕ್ಕೇ ಇಳಿಯುವಂತಾಯಿತು. ಮುಂದಿನ ಬಾಗಿಲು ತೆರೆದ ಮೇಲಷ್ಟೇ ಇದು ತೆರೆಯುತ್ತಿದ್ದರಿಂದ ಚಾಲಕನೂ ಆ ಕಡೆಯ ಬಾಗಿಲು ತೆರೆದಿಡಬೇಕಿತ್ತು. ಇಂಧನ ತುಂಬುವ ಕೊಳವೆ ಎಡಬದಿಗಿದ್ದದ್ದರಿಂದ ಬಾಗಿಲನ್ನು ಆ ಕಡೆಗೆ ಬದಲಿಸುವುದು ಕಷ್ಟವಾಗಿತ್ತು. ಟೀಕೆ ಸಾಕಷ್ಟು ಬಂತು. 2015ರ ಹೊಸ ಕ್ಲಬ್‌ಮನ್‌ಗೆ ಎರಡೂ ಬದಿಗೆ ಎರಡೆರಡು ಮಾಮೂಲಿ ಬಾಗಿಲುಗಳನ್ನು ಕೊಡಲಾಯಿತು.

2011ರ ಹ್ಯುಂಡೈ ವೆಲೋಸ್ಟರ್‌ನದ್ದೂ ಇದೇ ಉಪಾಯ. ಚಾಲಕನ ಬದಿಗೆ ಒಂದು, ಪ್ರಯಾಣಿಕರ ಬದಿಗೆ ಎರಡು ಬಾಗಿಲು. ಆದರೆ ಬ್ರಿಟನ್, ಆಸ್ಟ್ರೇಲಿಯಾಗಳಿಗೆ ಕಳುಹಿಸುವಾಗ ಕಂಪನಿ ಬಾಗಿಲುಗಳನ್ನೂ ಅದಲುಬದಲು ಮಾಡಿತು. ಎಲ್ಲಿ ಮಾರಿದರೂ ಹೆಚ್ಚುವರಿ ಬಾಗಿಲು ಫುಟ್‌ಪಾತ್ ಕಡೆಗೇ ಇತ್ತು.

ಬಾಗಿಲಷ್ಟೇ ಅಲ್ಲ

ನಿಸಾನ್ ಕ್ಯೂಬ್ ಕಾರಿನ 2002ರ ಮಾದರಿಯಲ್ಲಿ ಹಿಂದಿನ ಗಾಜು ಪ್ರಯಾಣಿಕರ ಬದಿಯ ಮೂಲೆಯನ್ನು ಸುತ್ತಿ ಪಕ್ಕದ ಕಿಟಕಿಯವರೆಗೆ ಬರುತ್ತದೆ. ಆ ಮೂಲೆಯಲ್ಲಿ ದಪ್ಪ ಕಂಬ ಅಡ್ಡ ಬರದ ಕಾರಣ ಚಾಲಕನಿಗೆ ಹಿಂದಿನ ನೋಟ ಹೆಚ್ಚು ಸಿಗುತ್ತದೆ. ಮುಂದಿನ ಮಾದರಿ ಅಮೆರಿಕಕ್ಕೆ ಹೋದಾಗ ಈ ಗಾಜಿನ ಬದಿಯನ್ನೂ ಬದಲಿಸಲಾಯಿತು.

ಫ್ರಾನ್ಸ್‌ನ ರೆನೊ 4 ಕಾರಿನ ಕಥೆಯೇ ಬೇರೆ. 1961ರಲ್ಲಿ ಬಂದು 80 ಲಕ್ಷಕ್ಕೂ ಹೆಚ್ಚು ತಯಾರಾದ ಈ ಕಾರಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಎರಡು ಬದಿಗಳಲ್ಲಿ ಒಂದೇ ಅಲ್ಲ, ಸುಮಾರು 5 ಸೆಂ.ಮೀ. ವ್ಯತ್ಯಾಸವಿದೆ. ಹಿಂದಿನ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಎರಡು ಸರಳುಗಳನ್ನು ಅಡ್ಡಲಾಗಿ, ಒಂದರ ಹಿಂದೆ ಒಂದು ಇಟ್ಟಿದ್ದೇ ಇದಕ್ಕೆ ಕಾರಣ. ಇದರಿಂದ ಕಾರಿನ ನೆಲ ಸಮತಟ್ಟಾಗಿ, ಸಾಮಾನಿಗೆ ಜಾಗ ಸಿಕ್ಕಿತು.

ಅಗತ್ಯವಿಲ್ಲದೆ ಉಳಿದ ಅಸಮತೆಯೂ ಉಂಟು. 2004ರ ಲ್ಯಾಂಡ್ ರೋವರ್ ಡಿಸ್ಕವರಿ 3ರ ಹಿಂಬಾಗಿಲು ಎರಡು ತುಂಡಾಗಿ ತೆರೆಯುತ್ತಿತ್ತು, ಅದರ ಅಂಚು ಒಂದು ಬದಿಗೆ ತಗ್ಗಾಗಿತ್ತು. 2017ರಲ್ಲಿ ಮಾರುಕಟ್ಟೆಗೆ ಬಂದ ಮಾದರಿಯಲ್ಲಿ ಹಿಂಬಾಗಿಲು ಒಂದೇ ತುಂಡಾಯಿತು. ಆದರೂ ನಂಬರ್ ಪ್ಲೇಟ್ ಮಾತ್ರ ಹಳೆಯ ಗುರುತೆಂಬಂತೆ ಪಕ್ಕಕ್ಕೇ ಉಳಿಯಿತು. ಅದನ್ನು ಮೆಚ್ಚಿದವರಿಗಿಂತ ಗೇಲಿ ಮಾಡಿದವರೇ ಹೆಚ್ಚು.

ನಿಮ್ಮ ಕಾರಿನಲ್ಲೂ ಇದೆ

ರಾತ್ರಿ ಗೋಡೆಯ ಎದುರು ಕಾರು ನಿಲ್ಲಿಸಿ ಲೋ ಬೀಮ್ ಹಾಕಿ ನೋಡಿ. ಭಾರತದ ಬಹುತೇಕ ಕಾರುಗಳಲ್ಲಿ ಬೆಳಕು ಎಡಕ್ಕೆ ಸ್ವಲ್ಪ ಮೇಲೇರಿರುತ್ತದೆ. ರಸ್ತೆ ಅಂಚಿನಲ್ಲಿ ನಡೆಯುವವರು ಕಾಣಬೇಕು, ಎದುರಿನ ಚಾಲಕನ ಕಣ್ಣಿಗೆ ಹೊಡೆಯಬಾರದು ಎಂಬುದು ಇದರ ಉದ್ದೇಶ. ಮುಂಬೈ, ಬೆಂಗಳೂರಿನ ಆಟೋಗಳ ಬಲಬದಿಗೆ ಅಡ್ಡಕಂಬಿ ಹಾಕಿರುವುದೂ ಪ್ರಯಾಣಿಕರು ಎಡಕ್ಕೇ ಇಳಿಯಲಿ ಎಂದು.

ಕಾರಿನಲ್ಲಿ ಈ ಕೆಲಸವನ್ನು ಚೈಲ್ಡ್ ಲಾಕ್ ಮಾಡಬಲ್ಲದು. ಹಿಂಬಾಗಿಲಿನ ಅಂಚಿನಲ್ಲಿರುವ ಈ ಪುಟ್ಟ ಗುಂಡಿ ಸಾಮಾನ್ಯವಾಗಿ ಎರಡೂ ಬಾಗಿಲಿಗೆ ಪ್ರತ್ಯೇಕವಾಗಿರುತ್ತದೆ. ತೀರಾ ಚಿಕ್ಕ ಮಕ್ಕಳಿದ್ದರೆ ಎರಡೂ ಕಡೆ ಹಾಕಿ. ತಾವೇ ಇಳಿಯುವ ವಯಸ್ಸಿನವರಾದರೆ ಬಲಬಾಗಿಲಿಗಾದರೂ ಹಾಕಿ. ಆಗ ಅವರು ಇಳಿಯುವುದು ಫುಟ್‌ಪಾತ್ ಕಡೆಗೇ.