ಬಯಲುಸೀಮೆ ಎಂದರೆ ಬಂಜರು ನೆಲವೇ? ಮೈಲಾರದ ಸುತ್ತಲಿನಿಂದ ಪರಿಸರ ವಿಜ್ಞಾನದ ಮೊದಲ ಪಾಠ

ಭರತ ಹುಣ್ಣಿಮೆಯ ಹೊತ್ತಿಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಜಾತ್ರೆ ನಡೆಯುತ್ತದೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವುದನ್ನು ಕೇಳಲು ಲಕ್ಷಾಂತರ ಜನ ಸೇರುತ್ತಾರೆ. ಆ ಒಂದು ಸಾಲಿನ ಅರ್ಥವೇನು ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಚರ್ಚೆ. ರಾಜಕೀಯದ ಮಾತೂ ಬರುತ್ತದೆ. ಆದರೆ ರೈತರ ಮೊದಲ ಪ್ರಶ್ನೆ ಒಂದೇ: ಈ ವರ್ಷ ಮಳೆ ಹೇಗೆ, ಬೆಳೆ ಹೇಗೆ?

ಕಾರಣಿಕ ನಂಬಿಕೆಯ ವಿಷಯ, ಅದನ್ನು ಅಲ್ಲಿಗೇ ಬಿಡೋಣ. ನಮ್ಮ ಕುತೂಹಲ ಆ ಪ್ರಶ್ನೆಯ ಮೇಲೆ. ಮಳೆ ಹೆಚ್ಚುಕಡಿಮೆಯಾದರೆ ಜೋಳ ಮಾತ್ರವಲ್ಲ, ಹುಲ್ಲು, ಕುರಿ, ಕೆರೆಯ ಮೀನು, ಮೀನು ತಿನ್ನುವ ಕೊಕ್ಕರೆ, ಗುಡ್ಡದ ಕರಡಿ ಎಲ್ಲದರ ಬದುಕೂ ಏರುಪೇರಾಗುತ್ತದೆ. ಇವೆಲ್ಲ ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ ಎಂದು ತಿಳಿಸುವ ಶಾಸ್ತ್ರವೇ ಪರಿಸರ ವಿಜ್ಞಾನ. ಇದು ಗೊತ್ತಿಲ್ಲದೆ ಮಾಡಿದ ಒಳ್ಳೆಯ ಕೆಲಸವೂ ಕೆಲವೊಮ್ಮೆ ಕೇಡಾಗುತ್ತದೆ. ಹೇಗೆಂದು ಮುಂದೆ ನೋಡೋಣ.

ಪರಿಸರ ವಿಜ್ಞಾನ ಎಂದರೇನು?

ಜೀವಿಗಳು ತಮ್ಮ ತಮ್ಮೊಳಗೆ ಮತ್ತು ತಮ್ಮ ಸುತ್ತಲಿನ ನೆಲ, ನೀರು, ಗಾಳಿ, ಬಿಸಿಲಿನೊಂದಿಗೆ ಇಟ್ಟುಕೊಂಡಿರುವ ಸಂಬಂಧದ ಅಧ್ಯಯನವೇ ಪರಿಸರ ವಿಜ್ಞಾನ. ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ 1866ರಲ್ಲಿ ಇದಕ್ಕೆ ‘ಇಕಾಲಜಿ’ ಎಂಬ ಹೆಸರು ಕೊಟ್ಟರು. ‘ಮನೆ’ ಎಂಬ ಅರ್ಥದ ಗ್ರೀಕ್ ಪದ ಇದರ ಮೂಲ. ಜೀವಿಗಳನ್ನೂ ಅವುಗಳ ನಿರ್ಜೀವ ಪರಿಸರವನ್ನೂ ಸೇರಿಸಿ ಒಂದೇ ವ್ಯವಸ್ಥೆಯೆಂದು ನೋಡಬೇಕು ಎಂದು ಹೇಳಿ, 1935ರಲ್ಲಿ ಇಂಗ್ಲೆಂಡಿನ ಆರ್ಥರ್ ಟ್ಯಾನ್ಸ್ಲಿ ‘ಇಕೋಸಿಸ್ಟಮ್’ ಎಂಬ ಪದವನ್ನು ಬಳಕೆಗೆ ತಂದರು. ಕನ್ನಡದಲ್ಲಿ ಅದನ್ನು ಪರಿಸರ ವ್ಯವಸ್ಥೆ ಎನ್ನುತ್ತೇವೆ.

ಇದನ್ನು ಮೆಟ್ಟಿಲು ಮೆಟ್ಟಿಲಾಗಿ ತಿಳಿಯಬಹುದು. ಒಂದು ಕೃಷ್ಣಮೃಗ ಒಂದು ಜೀವಿ. ಒಂದು ಬಯಲಿನಲ್ಲಿರುವ ಕೃಷ್ಣಮೃಗಗಳೆಲ್ಲ ಸೇರಿದರೆ ಒಂದು ಜೀವಿಸಂಖ್ಯೆ. ಅವುಗಳ ಜೊತೆಗೆ ಅದೇ ಬಯಲಿನ ಹುಲ್ಲು, ಮಿಡತೆ, ಹಾವು, ತೋಳ, ಹದ್ದು ಸೇರಿದರೆ ಜೀವಿ ಸಮುದಾಯ. ಅದಕ್ಕೆ ಮಣ್ಣು, ಮಳೆ, ಬಿಸಿಲು ಸೇರಿದರೆ ಪರಿಸರ ವ್ಯವಸ್ಥೆ. ಊರ ಮುಂದಿನ ಕೆರೆ, ಹಾಳುಬಾವಿ, ಹುತ್ತ ಕೂಡ ಪರಿಸರ ವ್ಯವಸ್ಥೆಗಳೇ.

ಕೊರತೆಯೇ ಯಜಮಾನ

ಅರಬ್ಬೀ ಸಮುದ್ರದ ಕಡೆಯಿಂದ ಬರುವ ಮುಂಗಾರು ಮೋಡಗಳು ಪಶ್ಚಿಮ ಘಟ್ಟಕ್ಕೆ ತಾಗಿ ಅಲ್ಲೇ ಹೆಚ್ಚಿನ ಮಳೆ ಸುರಿಸುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆಯಾದರೆ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಕಡೆ ಸಿಗುವುದು ಸುಮಾರು 500ರಿಂದ 650 ಮಿಲಿಮೀಟರ್ ಮಾತ್ರ. ಇದು ಮಳೆ ನೆರಳಿನ ನಾಡು.

ಒಂದು ಜಾಗದಲ್ಲಿ ಯಾವ ವಸ್ತು ಎಲ್ಲಕ್ಕಿಂತ ಕೊರತೆಯಿದೆಯೋ ಅದೇ ಅಲ್ಲಿನ ಬೆಳವಣಿಗೆಯ ಮಿತಿಯನ್ನು ಗೊತ್ತುಮಾಡುತ್ತದೆ. ಗೊಬ್ಬರ ಎಷ್ಟೇ ಹಾಕಿದರೂ ನೀರಿಲ್ಲದೆ ತೆನೆ ಕಟ್ಟುವುದಿಲ್ಲ ಎಂದು ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ಆ ಕೊರತೆಯ ವಸ್ತು ನೀರು. ಆದ್ದರಿಂದ ಇಲ್ಲಿ ಬಾಳುವ ಜೀವಿಗಳೆಲ್ಲ ನೀರಿನ ಕೊರತೆಯನ್ನು ಗೆಲ್ಲುವ ಒಂದೊಂದು ಉಪಾಯ ಕಂಡುಕೊಂಡಿವೆ. ಕಳ್ಳಿ ಎಲೆಯನ್ನೇ ಬಿಟ್ಟು ಕಾಂಡದಲ್ಲಿ ನೀರು ಕೂಡಿಡುತ್ತದೆ. ಜಾಲಿ, ಬನ್ನಿಗಳ ಎಲೆ ಚಿಕ್ಕದು, ಬೇರು ಆಳ. ಕಪ್ಪೆ ಮಣ್ಣೊಳಗೆ ಹುದುಗಿ ಬೇಸಿಗೆ ಕಳೆಯುತ್ತದೆ. ಜೋಳ, ಸಜ್ಜೆ ಮತ್ತು ಬಯಲಿನ ಹಲವು ಹುಲ್ಲುಗಳು ಕಡಿಮೆ ನೀರು ಬಳಸಿ ಹೆಚ್ಚು ಆಹಾರ ತಯಾರಿಸುವ ವಿಶೇಷ ಬಗೆಯ ದ್ಯುತಿಸಂಶ್ಲೇಷಣೆ ನಡೆಸುತ್ತವೆ.

ಬೇಸಿಗೆಯಲ್ಲಿ ಈ ಬಯಲು ಸತ್ತಂತೆ ಕಾಣುತ್ತದೆ. ಆದರೆ ಹುಲ್ಲಿನ ಬೇರು ಮತ್ತು ಬೀಜ ಮಣ್ಣಲ್ಲಿ ಜೀವಂತವಾಗಿರುತ್ತವೆ. ಎರಡು ಹದ ಮಳೆ ಬಿದ್ದರೆ ಸಾಕು, ವಾರದೊಳಗೆ ಹಸಿರು.

ಉಣ್ಣುವುದು, ಉಣಿಸುವುದು

ಎಲ್ಲ ಜೀವಿಗಳಿಗೂ ಶಕ್ತಿ ಬರುವುದು ಬಹುಮಟ್ಟಿಗೆ ಸೂರ್ಯನಿಂದ. ಗಿಡ ಅದನ್ನು ಹಿಡಿಯುತ್ತದೆ, ಮೊಲ ಗಿಡವನ್ನು ತಿನ್ನುತ್ತದೆ, ತೋಳ ಮೊಲವನ್ನು ತಿನ್ನುತ್ತದೆ. ಆದರೆ ಒಂದು ಹಂತದಿಂದ ಮೇಲಿನ ಹಂತಕ್ಕೆ ದಾಟುವುದು ಸುಮಾರು ಹತ್ತನೇ ಒಂದು ಪಾಲು ಶಕ್ತಿ ಮಾತ್ರ. ಉಳಿದದ್ದು ಉಸಿರಾಟ, ಓಡಾಟ, ಮೈಶಾಖದಲ್ಲಿ ಕಳೆದುಹೋಗುತ್ತದೆ. ಇದು ಸರಾಸರಿ ಲೆಕ್ಕ, ಎಲ್ಲ ಕಡೆ ಇಷ್ಟೇ ಇರಬೇಕೆಂದಿಲ್ಲ. ಬಯಲಿನಲ್ಲಿ ಹುಲ್ಲು ಅಪಾರ, ಮೇಯುವ ಪ್ರಾಣಿ ಕಡಿಮೆ, ತೋಳ ಬೆರಳೆಣಿಕೆಯಷ್ಟು ಇರುವುದಕ್ಕೆ ಮುಖ್ಯ ಕಾರಣ ಇದೇ.

ಶಕ್ತಿ ಒಮ್ಮುಖವಾಗಿ ಹರಿದು ಹೋಗುತ್ತದೆ. ಪೋಷಕಾಂಶಗಳು ಹಾಗಲ್ಲ, ಅವು ತಿರುಗಿ ಮಣ್ಣಿಗೆ ಬರುತ್ತವೆ. ಕುರಿಗಾರರು ಸುಗ್ಗಿ ಮುಗಿದ ಹೊಲದಲ್ಲಿ ಮಂದೆ ನಿಲ್ಲಿಸುವುದು ಇದಕ್ಕೆ ಒಳ್ಳೆಯ ಉದಾಹರಣೆ. ಕುರಿಗೆ ಕೂಳೆ ಮತ್ತು ಕಳೆಯ ಮೇವು, ಹೊಲಕ್ಕೆ ಹಿಕ್ಕೆ ಮತ್ತು ಗಂಜಲ, ಕುರಿಗಾರರಿಗೆ ಕಾಳು ಅಥವಾ ಹಣ. ಗೋಮಾಳದ ಹುಲ್ಲಿನ ಸಾರ ಹೀಗೆ ಹೊಲಕ್ಕೆ ಬಂದು, ಜೋಳವಾಗಿ ರೊಟ್ಟಿಯಾಗುತ್ತದೆ. ಸಗಣಿ ಮತ್ತು ಒಣಗಿದ ಕಸವನ್ನು ಒಡೆದು ಮಣ್ಣಿಗೆ ಸೇರಿಸುವ ಕೆಲಸ ಗೆದ್ದಲು, ಸಗಣಿಹುಳು, ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳದ್ದು.

ಜೀವಿಗಳ ನಡುವಿನ ನಂಟು ಎಷ್ಟು ಬಗೆ?

ಬೇಟೆ ಒಂದು ಬಗೆ. ಅದಲ್ಲದೆ ಬೇರೆಯವೂ ಇವೆ.

ಸಹಜೀವನ: ಇಬ್ಬರಿಗೂ ಲಾಭ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲೂ ಹಂಪಿಯ ಬಳಿಯ ದರೋಜಿಯಲ್ಲೂ ಕರಡಿಧಾಮಗಳಿವೆ. ದರೋಜಿ ಧಾಮ 1994ರಲ್ಲಿ, ಗುಡೇಕೋಟೆಯದು 2013ರಲ್ಲಿ ಘೋಷಣೆಯಾದವು. ಇಲ್ಲಿನ ಕರಡಿ ಗೆದ್ದಲು, ಇರುವೆಗಳ ಜೊತೆಗೆ ಬಾರೆ, ಕಕ್ಕೆಯಂಥ ಹಣ್ಣುಗಳನ್ನೂ ತಿನ್ನುತ್ತದೆ. ಬೀಜ ಅದರ ಹೊಟ್ಟೆಯಲ್ಲಿ ಪ್ರಯಾಣ ಮಾಡಿ ದೂರದಲ್ಲಿ ಗೊಬ್ಬರದ ಸಮೇತ ಬೀಳುತ್ತದೆ. ಗಿಡಕ್ಕೆ ಕಾಲಿಲ್ಲ, ಕರಡಿಯ ಕಾಲೇ ಅದರ ಕಾಲು.

ಒಬ್ಬರಿಗೆ ಮಾತ್ರ ಲಾಭ: ಮೇಯುವ ದನದ ಹಿಂದೆ ಬೆಳ್ಳಕ್ಕಿ ನಡೆಯುವುದನ್ನು ನೋಡಿದ್ದೀರಿ. ದನದ ಕಾಲಿಗೆ ಹೆದರಿ ಹಾರುವ ಹುಳು ಹಕ್ಕಿಯ ಪಾಲು. ದನಕ್ಕೆ ಅದರಿಂದ ಹೆಚ್ಚೇನೂ ಲಾಭನಷ್ಟವಿಲ್ಲ.

ಪರಾವಲಂಬನೆ: ಮಾವಿನ ಕೊಂಬೆಗೆ ಅಂಟಿದ ಬಂದಳಿಕೆ ತಾನೂ ಹಸಿರಾಗಿದ್ದು ಆಹಾರ ತಯಾರಿಸುತ್ತದೆ. ಆದರೆ ನೀರು ಮತ್ತು ಲವಣವನ್ನು ಮಾವಿನಿಂದ ಕದಿಯುತ್ತದೆ.

ಪೈಪೋಟಿ: ಒಂದೇ ಬಯಲಿನಲ್ಲಿ ಕೃಷ್ಣಮೃಗ ಮತ್ತು ಕುರಿ ಮೇಯ್ದರೆ, ಬರಗಾಲದಲ್ಲಿ ಇಬ್ಬರಿಗೂ ಮೇವು ಸಾಲದು.

ಅಂಕಸಮುದ್ರ: ಮನುಷ್ಯ ಕಟ್ಟಿದ ಕೆರೆ, ಹಕ್ಕಿ ಕಟ್ಟಿದ ಊರು

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ್ದು ನೀರಾವರಿಗೆಂದು ಹಿಂದಿನವರು ಕಟ್ಟಿದ ಕೆರೆ. ವಿಸ್ತೀರ್ಣ ಸುಮಾರು 98.76 ಹೆಕ್ಟೇರ್, ಅಂದರೆ 244 ಎಕರೆ. 2017ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿ ಕೊನೆಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಜೌಗು ನೆಲಗಳಿಗೆ ಸಿಗುವ ಅಂತರರಾಷ್ಟ್ರೀಯ ಮನ್ನಣೆ ಇದು.

ಕೆರೆಯಂಗಳದಲ್ಲಿ ಕರಿಜಾಲಿ ಮರಗಳಿವೆ. ನೀರು ತುಂಬಿದಾಗ ಮರಗಳ ಸುತ್ತ ನೀರು ನಿಂತು, ನರಿ, ಕಾಡುಬೆಕ್ಕು ಗೂಡಿನ ಬಳಿ ಸುಳಿಯುವುದು ಕಷ್ಟವಾಗುತ್ತದೆ. ಅಲ್ಲಿ ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ, ನೀರುಕಾಗೆ, ಬಕಗಳು ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆಗೆ ಮೀನು ಬೇಕು. ಬಾಯ್ಕಳಕಕ್ಕೆ ಗದ್ದೆಯ ಬಸವನಹುಳು ಬೇಕು. ಆದ್ದರಿಂದ ಈ ಹಕ್ಕಿಗಳ ಮನೆ ಕೆರೆಯಾದರೂ ಅವುಗಳ ಅಡುಗೆಮನೆ ಸುತ್ತಲಿನ ಹೊಲಗದ್ದೆ. ಬೇಲಿ ಹಾಕಿ ಕೆರೆಯೊಂದನ್ನೇ ಕಾಯ್ದರೆ ಸಾಲದು, ಗದ್ದೆಗೆ ಸುರಿಯುವ ವಿಷದ ಮೇಲೂ ಕಣ್ಣಿಡಬೇಕು.

ಹಕ್ಕಿಗಳ ಹಿಕ್ಕೆಯಲ್ಲಿ ಸಾರಜನಕ, ರಂಜಕ ಹೇರಳ. ಅದು ನೀರಿಗೆ ಬಿದ್ದು ಪಾಚಿ ಬೆಳೆಯುತ್ತದೆ, ಪಾಚಿಯಿಂದ ಸಣ್ಣ ಜೀವಿಗಳು, ಅವುಗಳಿಂದ ಮೀನು. ಆದರೆ ನೀರು ಕಡಿಮೆಯಾಗಿ ಸಾರ ಅತಿಯಾದರೆ ಪಾಚಿ ಮಿತಿಮೀರಿ, ಅದು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗಿ ಮೀನು ಸಾಯಬಹುದು. ಒಂದೇ ವಸ್ತು ಪ್ರಮಾಣ ಮೀರಿದರೆ ಅಮೃತವೂ ವಿಷ. ಕೆರೆಗೆ ನೀರೇ ಬರದಿದ್ದರೆ ಗೂಡೂ ಇಲ್ಲ, ಮರಿಯೂ ಇಲ್ಲ.

ಎರಡು ತಪ್ಪು ತಿಳಿವಳಿಕೆಗಳು

1. ‘ಬಳ್ಳಾರಿ ಜಾಲಿ ನಮ್ಮ ಮರ, ಆದರೆ ಗಾಳಿಯ ತೇವ ಹೀರಿ ಮಳೆ ಓಡಿಸುತ್ತದೆ’

ಹೆಸರಲ್ಲಿ ಬಳ್ಳಾರಿ ಇದ್ದರೂ ಇದು ಇಲ್ಲಿನದಲ್ಲ. ಮೆಕ್ಸಿಕೊ, ಮಧ್ಯ ಮತ್ತು ದಕ್ಷಿಣ ಅಮೆರಿಕ ಇದರ ತವರು. 1870ರ ದಶಕದಲ್ಲಿ ಸೌದೆಗೆಂದು, ಬರಡು ನೆಲ ಹಸಿರು ಮಾಡಲೆಂದು ಭಾರತಕ್ಕೆ ತಂದರು. ಅದರ ಕಾಯಿ ಸಿಹಿ. ಕುರಿ, ಮೇಕೆ ತಿನ್ನುತ್ತವೆ, ಗಟ್ಟಿ ಬೀಜ ಅರಗದೆ ಹಿಕ್ಕೆಯಲ್ಲಿ ಹೊರಬಂದು ಹೋದಲ್ಲೆಲ್ಲ ಮೊಳೆಯುತ್ತದೆ. ಅದರ ಎಲೆಯನ್ನೋ, ಮೇಕೆಯೂ ಹೆಚ್ಚಾಗಿ ಮುಟ್ಟುವುದಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಗಮನಿಸಿ: ಕರಡಿಯ ಹೊಟ್ಟೆಯಲ್ಲಿ ಬಾರೆ ಬೀಜ ಸಾಗುವ ಉಪಾಯವೇ ಇಲ್ಲೂ ಇದೆ. ಆದರೆ ಬಾರೆಯನ್ನು ಹದ್ದಿನಲ್ಲಿಡುವ ಹುಳು, ರೋಗ, ಮೇಯುವ ಪ್ರಾಣಿ ಇಲ್ಲಿವೆ. ಬಳ್ಳಾರಿ ಜಾಲಿಯ ಸಹಜ ವೈರಿಗಳು ಅದರ ತವರಿನಲ್ಲೇ ಉಳಿದುಬಿಟ್ಟಿವೆ.

ಮಳೆ ಓಡಿಸುತ್ತದೆ ಎನ್ನುವುದು ಸುಳ್ಳು. ಮುಂಗಾರನ್ನು ತಡೆಯುವ ಶಕ್ತಿ ಯಾವ ಗಿಡಕ್ಕೂ ಇಲ್ಲ. ಆದರೆ ಆಳದ ಬೇರಿನಿಂದ ನೆಲದ ನೀರು ಎಳೆಯುತ್ತದೆ, ದಟ್ಟವಾಗಿ ಬೆಳೆದು ಹುಲ್ಲಿಗೆ ಜಾಗ ಬಿಡುವುದಿಲ್ಲ ಎನ್ನುವುದು ನಿಜ. ಸೌದೆ, ಇದ್ದಿಲಿಗೆ ಇದನ್ನೇ ನಂಬಿದ ಬಡ ಕುಟುಂಬಗಳಿವೆ ಎನ್ನುವುದೂ ನಿಜ. ಆದ್ದರಿಂದ ಒಂದೇ ಸಲ ಕಿತ್ತೆಸೆಯುವ ಬದಲು, ಗೋಮಾಳ ಮತ್ತು ಕೆರೆಯಂಗಳಗಳಿಂದ ಹಂತಹಂತವಾಗಿ ಬೇರುಸಹಿತ ತೆಗೆದು, ಆ ಜಾಗದಲ್ಲಿ ಊರಿನ ಹುಲ್ಲು, ಗಿಡ ಬರುವಂತೆ ನೋಡಿಕೊಳ್ಳುವುದು ಮೇಲು.

2. ‘ಮರವಿಲ್ಲದ ನೆಲ ಬಂಜರು, ಗಿಡ ನೆಟ್ಟರೆ ಸಾಕು’

ಮೈಲಾರದಿಂದ ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆ. ಅಲ್ಲಿನ ರಾಣೆಬೆನ್ನೂರಿನಲ್ಲಿ 1974ರಲ್ಲಿ ಘೋಷಣೆಯಾದ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್ ಇದೆ. ಹುಲ್ಲು ಮತ್ತು ಕುರುಚಲಿನ ಆ ನೆಲದ ದೊಡ್ಡ ಪಾಲಿನಲ್ಲಿ ನೀಲಗಿರಿ ನೆಡಲಾಯಿತು. ಆ ಬಯಲಲ್ಲಿ ಎರ್ಲಡ್ಡು ಹಕ್ಕಿಯೂ ಇತ್ತು. ದೊರವಾಯನ ಹಕ್ಕಿ ಎಂದೂ ಕರೆಯುವ ಇದರ ಗಂಡು 15 ಕಿಲೋವರೆಗೆ ತೂಗುತ್ತದೆ. ಇದು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬಯಲ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ದೂರದಿಂದಲೇ ವೈರಿಯನ್ನು ಕಾಣುವಂಥ ತೆರೆದ ಜಾಗ ಅದಕ್ಕೆ ಬೇಕು. ನೀಲಗಿರಿ ಎತ್ತರಕ್ಕೆ ಬೆಳೆದಂತೆ ಆ ನೋಟ ಮುಚ್ಚಿಹೋಯಿತು. ಹಕ್ಕಿ ಅಲ್ಲಿಂದ ಮರೆಯಾಯಿತು. ಇಂದು ಕರ್ನಾಟಕದಲ್ಲಿ ಅದರ ಕೊನೆಯ ಆಸರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆಯ ಎರೆ ಭೂಮಿ. ಇಡೀ ದೇಶದಲ್ಲೇ ಉಳಿದಿರುವುದು ನೂರೈವತ್ತರ ಆಸುಪಾಸು ಎಂಬ ಅಂದಾಜಿದೆ.

ಗಿಡ ನೆಟ್ಟವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಹುಲ್ಲುಗಾವಲನ್ನು ‘ಏನೂ ಇಲ್ಲದ ಜಾಗ’ ಎಂದು ತಿಳಿದದ್ದೇ ತಪ್ಪು. ಸರ್ಕಾರಿ ದಾಖಲೆಗಳಲ್ಲಿ ಇಂದಿಗೂ ಇಂಥ ನೆಲಕ್ಕೆ ಬೀಳು, ಖರಾಬು ಎಂಬ ಹೆಸರುಗಳೇ ಇವೆ. ಹೆಸರು ಹಾಗಿದ್ದರೆ ಅದನ್ನು ಯಾವುದಕ್ಕೆ ಬೇಕಾದರೂ ಕೊಡುವುದು ಸುಲಭ. ಆದರೆ ಹುಲ್ಲು ತನ್ನ ಬೇರಿನ ಮೂಲಕ ಮಣ್ಣಲ್ಲಿ ಇಂಗಾಲ ಕೂಡಿಡುತ್ತದೆ, ಮಳೆನೀರು ಮಣ್ಣನ್ನು ಕೊಚ್ಚಿಕೊಂಡು ಹೋಗದಂತೆ ತಡೆಯುತ್ತದೆ, ಕುರಿ ದನಗಳಿಗೆ ಮೇವಾಗುತ್ತದೆ. ಗೋಮಾಳ ಹೋದರೆ ಮೊದಲು ಹೊಟ್ಟೆಗೆ ಬರೆ ಬೀಳುವುದು ಕುರಿಗಾರರಿಗೆ. ಆಮೇಲೆ ಮೇವಿಲ್ಲದ ತೋಳ ಮಂದೆಗೇ ನುಗ್ಗುತ್ತದೆ.

ಹಾಗಾದರೆ ಗಿಡ ನೆಡಬಾರದೇ?

ನೆಡಬೇಕು. ಆದರೆ ಎಲ್ಲಿ, ಯಾವುದನ್ನು ಎಂದು ಕೇಳಿ ನೆಡಬೇಕು. ಹೊಲದ ಬದು, ರಸ್ತೆ ಬದಿ, ಶಾಲೆಯ ಅಂಗಳ, ಊರಂಚು ಇವು ಬೇವು, ಹೊಂಗೆ, ಹುಣಸೆ, ಬನ್ನಿಗೆ ತಕ್ಕ ಜಾಗ. ತಲೆಮಾರುಗಳಿಂದ ಹುಲ್ಲೇ ಇರುವ ಬಯಲನ್ನು ಹುಲ್ಲಿಗೇ ಬಿಡಬೇಕು. ಹೂಳೆತ್ತುವಾಗ ಕೆರೆಯೊಳಗಿನ ಗೂಡಿನ ಮರಗಳನ್ನು ಉಳಿಸಿಕೊಳ್ಳಬೇಕು. ಮರಿಗಳು ಗೂಡಿನಲ್ಲಿರುವ ತಿಂಗಳುಗಳಲ್ಲಿ ಯಂತ್ರ ಇಳಿಸಬಾರದು.

ನಿಮ್ಮೂರಿನ ಪರಿಸರ ವ್ಯವಸ್ಥೆಯನ್ನು ಅರಿಯಲು ದೊಡ್ಡ ಸಲಕರಣೆ ಬೇಕಿಲ್ಲ. ಊರಾಚೆಯ ಬಯಲಿಗೆ ಮಳೆಗೆ ಮೊದಲು ಒಮ್ಮೆ, ಮಳೆಯಾಗಿ ಹದಿನೈದು ದಿನಕ್ಕೆ ಇನ್ನೊಮ್ಮೆ ಹೋಗಿ. ಎಷ್ಟು ಬಗೆಯ ಹುಲ್ಲು, ಹುಳು, ಹಕ್ಕಿ ಎಂದು ಎಣಿಸಿ ಬರೆದಿಡಿ. ಹಳೆಯ ಕುರಿಗಾರರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು, ಹೆಸರುಗಳೆಲ್ಲ ಅವರ ಬಾಯಲ್ಲಿರುತ್ತವೆ. ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ನೆಲ ಬಂಜರೋ ಅಲ್ಲವೋ ಎಂಬುದು ನಿಮಗೇ ತಿಳಿಯುತ್ತದೆ.